ಹಿಮ್ಮಡಿಯ ಸದ್ದು

ಬೋಟು ಎರಡನೆಯ ಸಲ ಬಂದರಿನ ಗೋಡೆಗೆ ಗುದ್ದಿದ ಮೇಲೆ ಬಂದರು ಅಧಿಕಾರಿ ಮಾವನನ್ನು ಕಚೇರಿಗೆ ಕರೆಸಿದ. ಸೊಸೆಯೂ ಜೊತೆಗೆ ಹೋದಳು. ಅವಳನ್ನು ಯಾರೂ ಕರೆದಿರಲಿಲ್ಲ. ಆದರೆ ಗಂಡ ಹೋದ ಮೇಲೆ ಮಾವ ಎಲ್ಲಿಗೆ ಹೊರಟರೂ ಅವಳ ಕಾಲು ತಾನಾಗಿ ಚಪ್ಪಲಿ ಹುಡುಕುತ್ತಿತ್ತು.

ಅಧಿಕಾರಿ ಒರಟನಲ್ಲ. ಕುರ್ಚಿ ತೋರಿಸಿದ, ನೀರು ತರಿಸಿದ, ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಸ್ವಲ್ಪ ಹೊತ್ತು ಕಳೆದ.

“ಯಜಮಾನ್ರೇ, ಗೋಡೆಗೆ ಬಾಯಿಲ್ಲ, ಸುಮ್ಮನಿರುತ್ತೆ. ಪಕ್ಕದ ಬೋಟಿನವರಿಗೆ ಬಾಯಿದೆ.”

“ಅವರ ಬೋಟನ್ನ ನಾನು ಮುಟ್ಟಿಲ್ಲ,” ಎಂದರು ಮಾವ.

“ಇನ್ನೂ ಮುಟ್ಟಿಲ್ಲ. ಅದಕ್ಕೇ ಈಗ ಕರೆದಿದ್ದು.” ಅಧಿಕಾರಿ ಪೆನ್ನು ಕೆಳಗಿಟ್ಟ. “ಒಂದು ದಿನ, ಗಾಳಿ ಇರೋ ದಿನ, ನನ್ನ ಕಣ್ಣೆದುರಿಗೆ ಬೋಟು ತಂದು ನಿಲ್ಲಿಸಿ. ಹಗ್ಗ ಕಟ್ಟೋಕೆ ಯಾರಾದ್ರೂ ಇರ್ಲಿ, ಬೇಡ ಅನ್ನಲ್ಲ. ಆದ್ರೆ ಒಳಗೆ ತರೋದು ನೀವೊಬ್ಬರೇ. ಆಗ್ಲಿಲ್ಲ ಅಂದ್ರೆ ಚುಕ್ಕಾಣಿ ಬಿಟ್ಟುಬಿಡಿ. ಪರವಾನಗಿ ಇಲ್ಲಿ ಕೊಟ್ಟು ಮನೇಲಿ ಆರಾಮಾಗಿರಿ.”

ಆರಾಮಾಗಿರಿ ಎಂದರೆ ಏನೆಂದು ಸೊಸೆಗೆ ಗೊತ್ತಿತ್ತು. ಬೋಟು ಹೊರಡದ ದಿನ ಮಾವ ಮನೆಯಲ್ಲಿ ಹೇಗಿರುತ್ತಾರೆಂದು ಅವಳು ನೋಡಿದ್ದಳು. ಕುರ್ಚಿಯಲ್ಲಿ ಕೂತು ಎರಡೂ ಪಾದ ನೆಲಕ್ಕೂರಿ, ಮಹಡಿಯ ಮೇಲೆ ಯಾರಾದರೂ ನಡೆದರೆ ಕತ್ತೆತ್ತುತ್ತಿದ್ದರು. ಹೀಗೇ ದಿನವೂ ಕೂತರೆ ಈ ಮನುಷ್ಯ ಬಹಳ ಕಾಲ ಉಳಿಯುವುದಿಲ್ಲ.

ಬೋಟಿನದು ಹೀಗೆ. ಎದುರಿನ ದ್ವೀಪದಲ್ಲೊಂದು ದೀಪಸ್ತಂಭ; ಅಲ್ಲಿಯ ಕೆಲಸಗಾರರನ್ನೂ ಅವರ ಸಾಮಾನನ್ನೂ ಒಯ್ದು ತರುವುದು ಮಾವನ ಕೆಲಸ. ಎಂಜಿನ್ನು ಒಂದೇ, ಅದೂ ಹಿಂದೆ. ಚುಕ್ಕಾಣಿಯ ಕೋಣೆಯೂ ಹಿಂದೆಯೇ. ಮುಂದಿನ ಮೂತಿ ಎತ್ತರ. ನಡುವೆ ಕ್ಯಾಬಿನ್ನಿನ ಸೂರು ಅಡ್ಡ ಬರುವುದರಿಂದ ಚುಕ್ಕಾಣಿ ಹಿಡಿದವರಿಗೆ ಮೂತಿಯ ಎರಡು ಪಕ್ಕ ಏನಾಗುತ್ತಿದೆ ಎಂದು ಸರಿಯಾಗಿ ಕಾಣುವುದಿಲ್ಲ. ಬೋಟು ನಿಧಾನವಾದಾಗ ಗಾಳಿ ಬೀಸಿದರೆ ಆ ಮೂತಿ ಹಟಮಾರಿ ಹಸುವಿನ ಹಾಗೆ ಕತ್ತು ತಿರುಗಿಸಿಬಿಡುತ್ತದೆ. ಬಂದರಿನಲ್ಲಿ ಅವರ ಜಾಗವೋ, ಬಲಕ್ಕೆ ಕಲ್ಲಿನ ಗೋಡೆ, ಎಡಕ್ಕೆ ಯಾರದೋ ಬಿಳಿಯ ಬೋಟು, ನಡುವೆ ಒಂದು ಸಂದು.

ಆ ಸಂದಿಯೊಳಗೆ ಮಾವ ಇಷ್ಟು ವರ್ಷ ಬೋಟು ತಂದದ್ದು ಕಣ್ಣಿನಿಂದಲ್ಲ, ಪಾದದಿಂದ. ಮಗ ಮೂತಿಯ ಮೇಲೆ ನಿಂತು ಹಿಮ್ಮಡಿ ಕುಟ್ಟುತ್ತಿದ್ದ. ಬಲ ಹಿಮ್ಮಡಿ ಕುಟ್ಟಿದರೆ, ಬಲಗಡೆ ಹತ್ತಿರವಾಯಿತು, ಆಚೆ ಸರಿ ಎಂದರ್ಥ. ಎಡ ಹಿಮ್ಮಡಿಗೆ ಎಡಗಡೆ ಹತ್ತಿರವಾಯಿತು ಎಂದು. ಎರಡೂ ಒಟ್ಟಿಗೆ ಕುಟ್ಟಿದರೆ, ಹಗ್ಗ ಕಟ್ಟಿಯಾಯಿತು, ಎಂಜಿನ್ ಆರಿಸು. ಎಂಜಿನ್ನಿನ ಗದ್ದಲದಲ್ಲಿ ಕೂಗಿದ್ದು ಕೇಳಿಸದು. ಹಿಮ್ಮಡಿಯ ಏಟು ಮಾತ್ರ ಹಲಗೆಯಿಂದ ಹಲಗೆಗೆ ಹಾದು ಮಾವನ ಅಂಗಾಲಿಗೆ ತಲುಪುತ್ತಿತ್ತು.

ಈ ಭಾಷೆ ಹುಟ್ಟಿದ್ದು ಅವಳಿಂದಲೇ. ಇವಳನ್ನೇ ಮದುವೆಯಾಗುತ್ತೇನೆ ಎಂದು ಮಗ ಪಟ್ಟು ಹಿಡಿದ ದಿನಗಳಲ್ಲಿ ಅಪ್ಪ ಮಗನಿಗೆ ಮಾತಿರಲಿಲ್ಲ. ಬೋಟಂತೂ ದಿನವೂ ಹೋಗಿಬರಬೇಕಿತ್ತು. ಒಂದು ದಿನ ಗೋಡೆ ಮೈಮೇಲೆ ಬರುವಷ್ಟು ಹತ್ತಿರವಾದಾಗ ಮಗ, ಬಾಯಿ ಬಿಡಲು ಮನಸ್ಸಾಗದೆ, ಸಿಟ್ಟಿನಲ್ಲಿ ಬಲಗಾಲು ಕುಟ್ಟಿದ. ಅಪ್ಪ ಚುಕ್ಕಾಣಿ ತಿರುಗಿಸಿದರು. ಅವಳು ಆ ಮನೆಗೆ ಬಂದು, ಅಪ್ಪ ಮಗ ಮತ್ತೆ ಮಾತಾಡಿ, ಒಂದೇ ತಟ್ಟೆಗೆ ಕೈಹಾಕಿ ಉಂಡರೂ ಕುಟ್ಟುವುದು ಹಾಗೆಯೇ ಉಳಿಯಿತು. “ನಮ್ಮಪ್ಪನ ಹತ್ರ ನಾನು ಮಾತಾಡಿದ್ದಕ್ಕಿಂತ ಕುಟ್ಟಿದ್ದೇ ಜಾಸ್ತಿ,” ಎಂದು ಅವನು ನಗುತ್ತಿದ್ದ.

ಸಣ್ಣ ಜ್ವರ ಎಂದು ಆಸ್ಪತ್ರೆಗೆ ನಡೆದುಕೊಂಡು ಹೋದವನು ನಡೆದುಕೊಂಡು ಬರಲಿಲ್ಲ. ಅಷ್ಟೇ. ಅದರ ಬಗ್ಗೆ ಅವಳಿಗೆ ಅದಕ್ಕಿಂತ ಹೆಚ್ಚು ಹೇಳಲು ಬರುತ್ತಿರಲಿಲ್ಲ. ಸಾಂತ್ವನಕ್ಕೆ ಬಂದವರು ಅವಳ ಒಣ ಕಣ್ಣು ನೋಡಿ ತಮ್ಮತಮ್ಮಲ್ಲೇ ಮುಖ ನೋಡಿಕೊಂಡರು. ಅವಳು ಕಾಲೇಜಿಗೆ ಹೋದಳು, ಭೌತಶಾಸ್ತ್ರದ ಪಾಠ ಮಾಡಿದಳು, ಬಂದಳು. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಲಿ ಇಳಿಸಿ, ಬೊಬ್ಬೆ ಎದ್ದದ್ದನ್ನು ಮರುದಿನ ನೋಡಿದಳು.

ಅವನ ಜಾಗದಲ್ಲಿ ಮಾವ ಮೊದಲು ಒಬ್ಬ ಆಳನ್ನಿಟ್ಟುಕೊಂಡರು. ಅವನು ಕೈ ಬೀಸಿದ, ಕೂಗಿದ, ಶಿಳ್ಳೆ ಹೊಡೆದ. “ಟ್ರಾಫಿಕ್ ಪೊಲೀಸಿನವನ ಹಾಗೆ ಕುಣೀತಾನೆ,” ಎಂದು ಮಾವ ಅವನನ್ನು ಕಳಿಸಿಬಿಟ್ಟರು. ಆಮೇಲೆ ರಜೆಯ ದಿನವೊಂದರಲ್ಲಿ ಸೊಸೆಯೇ ಹೋಗಿ ಮೂತಿಯ ಮೇಲೆ ನಿಂತಳು. ಬೋಟು ಸಂದಿಗೆ ತಿರುಗಿತು, ಗೋಡೆ ಹತ್ತಿರವಾಯಿತು. ಅವಳು ಬಲ ಹಿಮ್ಮಡಿ ಕುಟ್ಟಿದಳು. ಒಂದೇ ಒಂದು ಸಲ. ಮಾವನ ಕೈ ಚುಕ್ಕಾಣಿಯಿಂದ ಜಾರಿತು. ಅವರು ಕೋಣೆಯಿಂದ ಹೊರಗೋಡಿ ಬಂದು ಮೂತಿಯ ಕಡೆ ನೋಡುತ್ತ ನಿಂತುಬಿಟ್ಟರು. ಯಾರನ್ನು ನೋಡಿದರೆಂದು ಅವಳು ಕೇಳಲಿಲ್ಲ. ಬೋಟು ತನ್ನ ಪಾಡಿಗೆ ಹೋಗಿ ಗೋಡೆಗೆ ಗುದ್ದಿತು. ಅದು ಮೊದಲನೆಯ ಸಲ.

“ಬೇಡಮ್ಮ. ಆ ಸದ್ದು ಮಾಡ್ಬೇಡ,” ಎಂದಿದ್ದರು ಮಾವ.

ಎರಡನೆಯದು ಅವರೊಬ್ಬರೇ ಇದ್ದಾಗ ಆದದ್ದು.

ಕಚೇರಿಯಿಂದ ಬಂದ ಸಂಜೆಯೇ ಅವಳು ಬೋ ಥ್ರಸ್ಟರ್ ವಿಷಯ ತೆಗೆದಳು. ಬೋಟಿನ ಮೂತಿಯಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ, ಈ ಪಕ್ಕದಿಂದ ಆ ಪಕ್ಕಕ್ಕೆ ಅಡ್ಡಲಾಗಿ ಒಂದು ಕೊಳವೆ. ಕೊಳವೆಯೊಳಗೊಂದು ಪುಟ್ಟ ಫ್ಯಾನು. ಚುಕ್ಕಾಣಿಯ ಪಕ್ಕದಲ್ಲಿರುವ ಸಣ್ಣ ಹಿಡಿಯನ್ನು ಒತ್ತಿದರೆ ಅದು ನೀರನ್ನು ಒಂದು ಕಡೆಗೆ ತಳ್ಳುತ್ತದೆ, ಮೂತಿ ಇನ್ನೊಂದು ಕಡೆಗೆ ಸರಿಯುತ್ತದೆ. ಒಬ್ಬರೇ ಬೋಟು ನಡೆಸುವವರು ಹಾಕಿಸಿಕೊಳ್ಳುವುದು ಅದನ್ನೇ.

ಮಾವ ಲೋಟದ ತಳ ನೋಡುತ್ತ ಕೇಳಿಸಿಕೊಂಡರು. “ಮೂತಿಗೆ ತೂತು ಹೊಡೆದ ಬೋಟನ್ನ ಯಾರಾದ್ರೂ ನೀರಿಗಿಳಿಸ್ತಾರೇನಮ್ಮಾ?”

“ಇಳಿಸ್ತಾರೆ ಮಾವ.”

“ಅವನ ಜಾಗಕ್ಕೆ ಫ್ಯಾನು.”

ಅವಳು ಖಾಲಿ ಲೋಟ ಎತ್ತಿಕೊಂಡಳು. ಅವರು ಬೇಡ ಎನ್ನಲಿಲ್ಲ.

ಕೆಲಸಕ್ಕೆ ಬಂದವನನ್ನು ಬಂದರಿನವರೆಲ್ಲ ತೂತು ಮೇಸ್ತ್ರಿ ಎನ್ನುತ್ತಿದ್ದರು. ಬೋಟುಗಳಿಗೆ ತೂತು ಕೊರೆಯುವುದು, ಆದ ತೂತು ಮುಚ್ಚುವುದು ಎರಡೂ ಅವನ ಕಸುಬು. ಮೂತಿಗೆ ತೂತು ಎಂದು ಮಾವ ಮತ್ತೆ ರಾಗ ತೆಗೆದಾಗ ಅವನು ನಗಾಡಿದ. “ಮೂಗಿಗೆ ಎರಡು ಹೊಳ್ಳೆ ಇಲ್ವೇ ಯಜಮಾನ್ರೇ? ನಿಮಗೇನು ತೊಂದ್ರೆ ಆಗಿದ್ಯಾ?”

ಸೊಸೆ ಮೊದಲು ಕೊರೆಯದೆ ಆಗುವ ದಾರಿಯನ್ನೇ ಹುಡುಕಿದ್ದಳು. ಹೊರಗಿನಿಂದ, ಬೋಟಿನ ಹೊಟ್ಟೆಯ ಕೆಳಗೆ ಬಿಗಿಯುವ ನಮೂನೆಯೊಂದಿತ್ತು. ಮೇಸ್ತ್ರಿ ತಲೆ ಅಲ್ಲಾಡಿಸಿದ. “ದ್ವೀಪದ ಹತ್ರ ಬಂಡೆ ಇದೆ, ತೇಲೋ ಹಗ್ಗ ಇದೆ. ಹಾಗೆ ಜೋತಾಡಿಸಿದ್ರೆ ಒಂದು ದಿನ ಕಿತ್ಕೊಂಡು ಹೋಗುತ್ತೆ ಮೇಡಂ. ಕೊಳವೇನೇ ಆಗ್ಬೇಕು.” ಅವಳು ಒಪ್ಪಿದಳು. ಆದರೆ ಮೋಟರಿನ ಗಾತ್ರದಲ್ಲಿ ಒಪ್ಪಲಿಲ್ಲ. ಇಷ್ಟುದ್ದದ ಬೋಟಿಗೆ ಇಷ್ಟು ಸಾಕು ಎಂದು ಅವನು ಒಂದನ್ನು ತೋರಿಸಿದರೆ, ಅವಳು ಅದಕ್ಕಿಂತ ದೊಡ್ಡದನ್ನು ತೋರಿಸಿದಳು.

“ಉದ್ದ ನೋಡ್ಬೇಡಿ, ಎತ್ತರ ನೋಡಿ. ಗಾಳಿ ಹಿಡಿಯೋದು ಎತ್ತರ.”

ಮೇಸ್ತ್ರಿ ಹಿಂದೆ ಸರಿದು, ಮೂತಿಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ. “ಅದೂ ಹೌದು. ಇದು ಗಾಳಿಗೆ ಮುಖ ಕೊಟ್ಟು ಬೈಸ್ಕೊಳ್ಳೋ ಜಾತಿ.”

ಬ್ಯಾಟರಿಯನ್ನೂ ಮುಂದೆಯೇ ಇಡುವುದೆಂದಾಯಿತು. ಹಿಂದಿನಿಂದ ತಂತಿ ಎಳೆದರೆ ಅರ್ಧ ಶಕ್ತಿ ದಾರಿಯಲ್ಲೇ ಸೋರುತ್ತದೆ. ಇನ್ನು ಕೊಳವೆಯ ಜಾಗ. ಮೂತಿಯ ತುದಿಗೆ ಹತ್ತಿರವಾದಷ್ಟೂ ತಳ್ಳುವ ಬಲ ಹೆಚ್ಚು. ನೀರಿನ ಮಟ್ಟದಿಂದ ಸಾಕಷ್ಟು ಕೆಳಗಿರಬೇಕು, ಇಲ್ಲವಾದರೆ ಫ್ಯಾನು ನೀರು ಬಿಟ್ಟು ಗಾಳಿ ಕುಡಿಯುತ್ತದೆ. ಮೇಸ್ತ್ರಿ ಅಳತೆಪಟ್ಟಿ ಹಿಡಿದು ಕ್ಯಾಬಿನ್ನಿಗೆ ಇಳಿದ, ಅಳೆದ, ಇನ್ನೊಂದು ಸಲ ಅಳೆದ. ಆ ಜಾಗ ಮುಂದಿನ ಮಂಚದ ಕೆಳಗೇ ಇತ್ತು.

ಮಂಚ ಮೂತಿಯ ಆಕಾರಕ್ಕೆ ತಕ್ಕಂತೆ ತುದಿಯಲ್ಲಿ ಕಿರಿದಾಗಿತ್ತು. ದ್ವೀಪದಲ್ಲೇ ಉಳಿಯಬೇಕಾಗಿ ಬಂದ ದಿನ ಗಂಡ ಹೆಂಡತಿ ಅಲ್ಲೇ ಮಲಗುತ್ತಿದ್ದರು. ಆ ಕಿರಿದಾದ ಕೊನೆಯಲ್ಲಿ ನಾಲ್ಕು ಪಾದಗಳಿಗೆ ಜಾಗ ಸಾಲುತ್ತಿರಲಿಲ್ಲ.

ಬೋಟನ್ನು ದಡಕ್ಕೆಳೆದು ಮರದ ದಿಮ್ಮಿಗಳ ಮೇಲೆ ಕೂರಿಸಿದರು. ಮೇಸ್ತ್ರಿ ಹಾಸಿಗೆ ಎತ್ತಿ ಗೋಡೆಗೊರಗಿಸಿ, ಹಲಗೆ ಬಿಚ್ಚಿದ. ಕೆಳಗೆ ಕಡಲೆಕಾಯಿ ಸಿಪ್ಪೆಯ ರಾಶಿ.

“ಇಲಿ ಇದ್ಯಾ ಮೇಡಂ ಬೋಟಲ್ಲಿ?”

ಹಾಸಿಗೆಯಲ್ಲಿ ಕಡಲೆಕಾಯಿ ತಿನ್ನುವುದಿಲ್ಲ ಎಂದು ಗಂಡ ಅವಳ ತಲೆ ಮುಟ್ಟಿ ಆಣೆ ಮಾಡಿದ್ದ. ಸಿಪ್ಪೆಯನ್ನು ಹಲಗೆಯ ಸಂದಿಯಲ್ಲಿ ತುರುಕುತ್ತಿದ್ದನೆಂದು ಇವತ್ತು ಗೊತ್ತಾಯಿತು. ಏನಾದರೂ ಹೇಳಬೇಕು ಎಂದು ಅವಳು ಬಾಯಿ ತೆರೆಯುವುದರೊಳಗೆ ಮೇಸ್ತ್ರಿ ಎಲ್ಲವನ್ನೂ ಗುಡಿಸಿ ಮೊರಕ್ಕೆ ತುಂಬಿ ಕಿಟಕಿಯಿಂದಾಚೆ ಚೆಲ್ಲಿದ. ಹಗುರವಾದದ್ದು, ಗಾಳಿ ಕೊಂಡೊಯ್ಯಿತು.

“ಇಲಿ ಇಲ್ಲ,” ಎಂದಳು ಅವಳು. “ಇತ್ತು.”

ಮೇಸ್ತ್ರಿ ಎರಡು ಪಕ್ಕದಿಂದಲೂ ಸಣ್ಣ ತೂತು ಕೊರೆದು, ಒಂದು ಉದ್ದನೆಯ ಸರಳನ್ನು ಈಚೆಯಿಂದ ಆಚೆಗೆ ತೂರಿಸಿ, ಅದಕ್ಕೆ ಪೆನ್ಸಿಲ್ ಸಿಕ್ಕಿಸಿದ ಕಡ್ಡಿ ಕಟ್ಟಿ ಕಂಪಾಸಿನಂತೆ ಸುತ್ತಿದ. ಕೊಳವೆ ದುಂಡಗಿದ್ದರೂ ಬೋಟಿನ ಮೈ ಓರೆಯಾದ್ದರಿಂದ ಗೆರೆ ಮೊಟ್ಟೆಯಾಕಾರಕ್ಕೆ ಬಿತ್ತು. ಆ ಗೆರೆಯ ಮೇಲೆ ಗರಗಸ ಓಡಿತು. ಫೈಬರಿನ ಬಿಳಿಯ ಪುಡಿ ಅವನ ಹುಬ್ಬಿಗೂ ಅವಳ ಸೀರೆಗೂ ಕೂತಿತು. ಮಾವ ದೂರದಲ್ಲಿ, ಬೋರಲು ಹಾಕಿದ ಬುಟ್ಟಿಯ ಮೇಲೆ ಕೂತು, ಬೇರೆ ಕಡೆ ನೋಡುತ್ತಿದ್ದರು. ಎರಡೂ ತುಂಡುಗಳು ಕೆಳಗೆ ಬಿದ್ದಾಗ ಕ್ಯಾಬಿನ್ನಿನೊಳಗೆ, ಗಂಡನ ಪಾದಗಳಿರುತ್ತಿದ್ದಲ್ಲಿ, ಎರಡು ಕಡೆಯಿಂದ ಹಗಲು ಬಂತು.

ಕೊಳವೆ ಕೂರಿಸಿ, ಗಾಜಿನ ನಾರಿನ ಬಟ್ಟೆಯನ್ನು ಅಂಟಿನಲ್ಲಿ ಅದ್ದಿ ಪದರ ಪದರವಾಗಿ ಮೆತ್ತಿ, ಒಣಗಲು ಬಿಟ್ಟು, ಉಜ್ಜಿ, ಬಣ್ಣ ಬಳಿದದ್ದಾಯಿತು. ಮೋಟರು ಕೂತಿತು. ಮೇಸ್ತ್ರಿ ಚುಕ್ಕಾಣಿಯ ಪಕ್ಕದಲ್ಲಿ ಬೆರಳುದ್ದದ ಹಿಡಿಯನ್ನು ಬಿಗಿದು ಮಾವನಿಗೆ ಪಾಠ ಹೇಳಿದ. “ಬಲಕ್ಕೆ ಒತ್ತಿದ್ರೆ ಮೂತಿ ಬಲಕ್ಕೆ. ಎಡಕ್ಕೆ ಒತ್ತಿದ್ರೆ ಎಡಕ್ಕೆ. ಒಂದೇ ಸಮ ಒತ್ಕೊಂಡಿರ್ಬೇಡಿ, ಮೋಟರು ಬಿಸಿ ಆಗುತ್ತೆ. ಚೂರು ಒತ್ತಿ, ಬಿಡಿ. ಮಗುವಿನ ಕಿವಿ ಹಿಂಡೋ ಹಾಗೆ.”

“ನಾನೇನು ಮಗುವಾ, ಎಡಬಲ ಹೇಳ್ಕೊಡೋಕೆ?” ಎಂದರು ಮಾವ.

ಬೋಟು ನೀರಿಗಿಳಿದ ದಿನ ಮೂವರೂ ಹೊರಗೆ ಹೋಗಿ ಬಂದರು. ಬಯಲು ನೀರಿನಲ್ಲಿ ಎಲ್ಲ ಸರಿಯಾಗಿತ್ತು. ಮಾವ ಒತ್ತಿದರು, ಮುಂದೆಲ್ಲೋ ಗುಂಯ್ ಎಂದಿತು, ಮೂತಿ ಸರಿಯಿತು. ಸಂದಿಗೆ ತಿರುಗುವಾಗ ಎಡಗಡೆಯಿಂದ ಗಾಳಿ ಬಂತು. ಮೂತಿ ಗೋಡೆಯ ಕಡೆ ವಾಲಿತು. ಸೊಸೆ ಮಾವನ ಪಕ್ಕದಲ್ಲೇ ನಿಂತಿದ್ದಳು. ಅವರ ಕೈ ಹಿಡಿಯ ಮೇಲೆ ಹೋಗಿ ಬಲಕ್ಕೆ ಒತ್ತಿತು.

“ಎಡಕ್ಕೆ ಯಜಮಾನ್ರೇ, ಎಡಕ್ಕೆ!” ಎಂದು ಮೇಸ್ತ್ರಿ ಕಿರುಚಿದ.

ಮಾವ ಇನ್ನೂ ಬಲವಾಗಿ ಬಲಕ್ಕೆ ಒತ್ತಿದರು. ಮೂತಿ ಹೋಗಿ ಗೋಡೆಗೆ ಉಜ್ಜಿತು. ಹೊಸ ಬಣ್ಣ ಕಲ್ಲಿನ ಮೇಲೆ ಉಳಿಯಿತು.

ಹಗ್ಗ ಕಟ್ಟಿದ ಮೇಲೆ ಮಾವ ಯಾರ ಮುಖವನ್ನೂ ನೋಡದೆ ಮನೆಯ ದಾರಿ ಹಿಡಿದರು. ಮೇಸ್ತ್ರಿ ತಲೆ ಕೆರೆದುಕೊಂಡ. “ಬೇಜಾರು ಮಾಡ್ಕೋಬೇಡಿ ಮೇಡಂ. ವಯಸ್ಸು. ಎಡಬಲ ಕಲಸಿಹೋಗುತ್ತೆ. ಅಧಿಕಾರಿ ಹೇಳಿದ್ದೂ ತಪ್ಪಲ್ಲ.”

“ಕಲಸಿಲ್ಲ,” ಎಂದಳು ಅವಳು.

ಬೋಟು ಉಜ್ಜುವಾಗ ಅವಳ ಕಣ್ಣು ಗೋಡೆಯ ಮೇಲಿರಲಿಲ್ಲ. ಮಾವನ ಕಾಲ ಮೇಲಿತ್ತು. ಕೈ ಬಲಕ್ಕೆ ಒತ್ತಿದಾಗ ಅವರ ಬಲ ಹಿಮ್ಮಡಿ ಚಪ್ಪಲಿಯಿಂದ ಮೇಲೆದ್ದಿತ್ತು. ಎರಡನೆಯ ಸಲ ಒತ್ತಿದಾಗ ಇನ್ನೊಮ್ಮೆ. ಗೋಡೆ ಬಲಗಡೆ ಹತ್ತಿರವಾದರೆ ಕುಟ್ಟಬೇಕಾದ್ದು ಬಲ ಹಿಮ್ಮಡಿ. ಕುಟ್ಟುವವನು ಇಲ್ಲದ್ದರಿಂದ ಅವರೇ ಕುಟ್ಟಿದ್ದರು, ಬೆರಳಿನಿಂದ.

“ಹಿಡಿಯ ಎರಡು ತಂತಿ ಅದಲುಬದಲು ಮಾಡೋಕಾಗುತ್ತಾ?” ಎಂದು ಕೇಳಿದಳು. “ಬಲಕ್ಕೆ ಒತ್ತಿದ್ರೆ ಮೂತಿ ಎಡಕ್ಕೆ ಹೋಗೋ ಹಾಗೆ?”

ಮೇಸ್ತ್ರಿ ಅವಳನ್ನು ಮೇಲಿಂದ ಕೆಳಗೆ ನೋಡಿದ. “ತಪ್ಪಾಗಿ ಕೂರಿಸಿದವರದ್ದನ್ನ ಸರಿ ಮಾಡೋದು ನನ್ನ ಕೆಲಸ ಮೇಡಂ. ಸರಿ ಇರೋದನ್ನ ತಪ್ಪು ಮಾಡಿ ಅಂತ ಯಾರೂ ಕೇಳಿಲ್ಲ. ನೋಡಿದವರು ನನ್ನ ಮುಖಕ್ಕೆ ಉಗೀತಾರೆ.”

ಅವಳು ಹಿಮ್ಮಡಿಯ ವಿಷಯ ಹೇಳಿದಳು. ನಾಲ್ಕು ವಾಕ್ಯದಲ್ಲಿ ಮುಗಿಯಿತು. ಮೇಸ್ತ್ರಿ ಮೂತಿಯ ಕಡೆ ನೋಡಿದ. ಅಲ್ಲಿ ಹಲಗೆಯ ಮೇಲೆ ಅಂಗೈಯಗಲದ ಎರಡು ಜಾಗಗಳಲ್ಲಿ ಬಣ್ಣ ಸವೆದಿತ್ತು. ಎಷ್ಟು ಸಲ ಬಳಿದರೂ ಅಲ್ಲಿ ನಿಲ್ಲುತ್ತಿರಲಿಲ್ಲ. ಅವನು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ. ಕೆಲಸ ಮುಗಿಸಿ ಎದ್ದಾಗ ಹೇಳಿದ: “ಮುಂದೆ ಎಂದಾದ್ರೂ ಬೋಟು ಬೇರೆಯವರ ಕೈಗೆ ಹೋದ್ರೆ, ಮೊದಲು ಇದನ್ನ ವಾಪಸ್ ಮಾಡ್ಸಿ. ಮರೀಬೇಡಿ. ಗೊತ್ತಿಲ್ಲದವರು ಸತ್ತೇ ಹೋಗ್ತಾರೆ.”

ಮನೆಗೆ ಬಂದಾಗ ಮಾವ ಕುರ್ಚಿಯಲ್ಲಿದ್ದರು, ಪಾದ ಎರಡೂ ನೆಲದ ಮೇಲೆ. ಮೇಜಿನ ಮೇಲೆ ಪರವಾನಗಿಯ ಪುಸ್ತಕ ತೆಗೆದಿಟ್ಟಿದ್ದರು.

“ನಾಳೆ ಕೊಟ್ಟುಬರ್ತೀನಿ. ಚುಕ್ಕಾಣಿ ಹಿಡಿಯೋನಿಗೇ ಎಡಬಲ ಗೊತ್ತಾಗಲ್ಲ ಅಂದ್ಮೇಲೆ ಇನ್ನೇನು.”

“ಮಾವ, ತಂತಿ ಬದಲಾಯಿಸಿದ್ದೀವಿ.” ಅವಳು ಅವರೆದುರು ನೆಲದ ಮೇಲೆ ಕೂತಳು. “ಬಲಕ್ಕೆ ಒತ್ತಿದ್ರೆ ಮೂತಿ ಗೋಡೆ ಬಿಟ್ಟು ಎಡಕ್ಕೆ ಹೋಗುತ್ತೆ. ಈಗ ಅದು ಅವನು ಕುಟ್ಟೋ ಹಾಗಿದೆ.”

ಆ ಮನೆಯಲ್ಲಿ ಬಹಳ ದಿನಗಳ ಮೇಲೆ ಅವನ ಮಾತು ಬಂದಿತ್ತು. ಮಾವ ತಮ್ಮ ಬಲ ಪಾದ ನೋಡಿಕೊಂಡರು.

“ಬೇರೆ ಯಾರಾದ್ರೂ ಓಡಿಸಿದ್ರೆ?”

“ಬೇರೆ ಯಾರಿದ್ದಾರೆ ಮಾವ?”

“ಅದೂ ಸರಿ,” ಎಂದರು. ಎದ್ದು ಪರವಾನಗಿಯ ಪುಸ್ತಕವನ್ನು ಕಪಾಟಿಗೆ ಸೇರಿಸಿದರು.

ಪರೀಕ್ಷೆಯ ದಿನ ಗಾಳಿ ಬೇಕಾದ್ದಕ್ಕಿಂತ ಜಾಸ್ತಿಯೇ ಇತ್ತು. ಅಧಿಕಾರಿ ಟೋಪಿ ಕೈಲಿ ಹಿಡಿದು ಗೋಡೆಯ ಮೇಲೆ ನಿಂತಿದ್ದ. ಪಕ್ಕದಲ್ಲಿ ಮೇಸ್ತ್ರಿ, ತನ್ನ ಮಗಳ ಪರೀಕ್ಷೆಗೆ ಬಂದವನಂತೆ ಉಗುರು ಕಚ್ಚುತ್ತ. ಸೊಸೆ ಹಗ್ಗ ಹಿಡಿದು ಮೂತಿಯ ಮೇಲಿದ್ದಳು. ತನ್ನ ಹೆಜ್ಜೆಯ ಸದ್ದೂ ಮಾವನ ಕಾಲಿಗೆ ಮುಟ್ಟಬಾರದೆಂದು ಮಂಡಿಯೂರಿ ಕೂತಿದ್ದಳು.

ಬೋಟು ಸಂದಿಗೆ ತಿರುಗಿತು. ಗಾಳಿ ಮೂತಿಯನ್ನು ಹಿಡಿದು ಗೋಡೆಯ ಕಡೆ ನೂಕಿತು. ಕಲ್ಲಿನ ಪಾಚಿ, ಹೋದ ಸಲದ ಬಣ್ಣದ ಗೀಟು, ಎಲ್ಲ ಅವಳ ಮುಖದ ಹತ್ತಿರ ಬಂದವು. ಆಗ ಅವಳ ಮಂಡಿಯ ಕೆಳಗೆ, ಮಂಚದ ಅಡಿಯಿಂದ, ಗುಂಯ್ ಎಂದು ನಡುಕ ಎದ್ದಿತು. ನಿಂತಿತು. ಮತ್ತೆ ಎದ್ದಿತು, ಚೂರೇ ಚೂರು. ಗೋಡೆ ಹಿಂದೆ ಸರಿಯಿತು. ಎಡಗಡೆ ಬಿಳಿಯ ಬೋಟು ಹತ್ತಿರವಾಗುತ್ತಿದ್ದಂತೆ ಇನ್ನೊಂದು ಸಣ್ಣ ನಡುಕ, ಆ ಬೋಟೂ ಆಚೆ ಸರಿಯಿತು. ಗೋಡೆಗೂ ಬೋಟಿಗೂ ನಡುವೆ ನೀರು ಒಂದೇ ಅಗಲದ ಪಟ್ಟಿಯಾಗಿ ಉಳಿಯಿತು. ಬೋಟು ಒಳಗೆ ಬಂದು ನಿಂತಿತು.

ಅವಳು ಗೋಡೆಗೆ ಹತ್ತಿ ಹಗ್ಗವನ್ನು ಕಬ್ಬಿಣದ ಗೂಟಕ್ಕೆ ಸುತ್ತಿ ಬಿಗಿದಳು. ಮೇಸ್ತ್ರಿ ಎರಡು ಕೈ ಎತ್ತಿ ಕುಣಿದ.

“ಆಯ್ತು ಯಜಮಾನ್ರೇ! ನಿಮ್ಮನ್ನ ಕೇಳೋರೇ ಇಲ್ಲ ಇನ್ನು! ಆರಿಸಿ!” ಎಂದು ಅಧಿಕಾರಿ ಕೂಗಿದ.

ಎಂಜಿನ್ ಆರಲಿಲ್ಲ. ಅಧಿಕಾರಿ ಇನ್ನೊಮ್ಮೆ ಕೂಗಿದ, ಕೈ ಬೀಸಿದ. ಗಾಜಿನ ಹಿಂದೆ ಮಾವ ನೇರ ನಿಂತಿದ್ದರು. ಅವರ ಕೈ ಕೀಲಿಯ ಮೇಲಿತ್ತು. ಕಣ್ಣು ಯಾರ ಮೇಲೂ ಇರಲಿಲ್ಲ.

“ಏನಾಯ್ತು ಇವರಿಗೆ?” ಎಂದ ಅಧಿಕಾರಿ.

ಮೂತಿಯ ಆ ಯಂತ್ರಕ್ಕೆ ಬಲ ಗೊತ್ತಿತ್ತು, ಎಡ ಗೊತ್ತಿತ್ತು. ಕಟ್ಟಿಯಾಯಿತು ಎಂದು ಹೇಳುವುದು ಅದಕ್ಕೆ ಗೊತ್ತಿರಲಿಲ್ಲ.

ಅವಳು ಗೋಡೆಯಿಂದ ಮತ್ತೆ ಬೋಟಿಗಿಳಿದಳು. ಚಪ್ಪಲಿ ಬಿಟ್ಟಳು. ಬಣ್ಣ ಸವೆದ ಆ ಎರಡು ಜಾಗಗಳು ಅವಳ ನಿಲುವಿಗೆ ಸ್ವಲ್ಪ ಅಗಲವಾದವು. ಕಾಲು ಅಗಲಿಸಿ ನಿಂತಳು. ಬೇಡಮ್ಮ ಎಂದಿದ್ದರು. ಎರಡು ಹಿಮ್ಮಡಿಗಳನ್ನೂ ಎತ್ತಿ ಒಟ್ಟಿಗೆ ಕುಟ್ಟಿದಳು.

ಎಂಜಿನ್ ಆರಿತು.

ಇದ್ದಕ್ಕಿದ್ದಂತೆ ನೀರಿನ ಸದ್ದು, ಹಗ್ಗದ ಕಿರುಗುಟ್ಟುವಿಕೆ ಎಲ್ಲ ಕೇಳಿಸತೊಡಗಿದವು. ಅವಳ ಹಿಮ್ಮಡಿ ಉರಿಯುತ್ತಿತ್ತು. ಉರಿ ಮೀನಖಂಡದವರೆಗೆ ಏರಿತು, ಅಲ್ಲಿಂದ ಮಂಡಿಗೆ. ನೋವು ಆಗುತ್ತಿದೆ ಎಂದು ಅವಳಿಗೆ ತಿಳಿಯಿತು. ಅವಳು ಅಲ್ಲೇ ಕುಸಿದು ಕೂತು, ಎರಡು ಕೈಯಲ್ಲೂ ಪಾದ ಹಿಡಿದುಕೊಂಡಳು. ಮುಖ ಒದ್ದೆಯಾಗಿತ್ತು. ಗೋಡೆಯ ಮೇಲಿದ್ದ ಇಬ್ಬರೂ ಬೇರೆ ಕಡೆ ತಿರುಗಿಕೊಂಡರು.

ಬಹಳ ಹೊತ್ತಿನ ಮೇಲೆ ಮಾವ ಹೊರಗೆ ಬಂದರು. ಕ್ಯಾಬಿನ್ನಿನ ಸೂರು ಹಿಡಿದು ಹಿಡಿದು ಮೂತಿಯವರೆಗೆ ನಡೆದು, ಅವಳ ಪಕ್ಕದಲ್ಲಿ ಕೂತರು.

“ಅಷ್ಟು ಜೋರಾಗಿ ಬೇಡಮ್ಮ,” ಎಂದರು. “ಅವನು ಮೆತ್ತಗೆ ಕುಟ್ತಿದ್ದ.”